ಅರ್ಧ ಮಾವಿನ ಹಣ್ಣಿನ ದೊರೆ

ಮಾವಿನ ಹಣ್ಣನ್ನು ಸರಿಯಾಗಿ ಎರಡು ಹೋಳು ಮಾಡುವುದು ನನ್ನಿಂದಾಗದ ಕೆಲಸ. ಹಾಗೆಂದು ಲೆಕ್ಕ ಬಾರದವನಲ್ಲ. ಜಂಗಮಕೋಟೆಯ ಮಕ್ಕಳಿಗೆ ಭಾಗಾಕಾರ ಕಲಿಸಿದ ಮೇಷ್ಟರು ನಾನು. ಆದರೆ ಚಾಕು ಹಿಡಿದ ಕೂಡಲೇ ಜರಾಸಂಧ ಮಹಾರಾಜ ನೆನಪಿಗೆ ಬರುತ್ತಾನೆ. ಹಣ್ಣನ್ನು ಇಡಿಯಾಗಿ ಹೆಂಡತಿಯ ಕೈಗಿಟ್ಟು ಕೂತುಬಿಡುತ್ತೇನೆ. ಅವಳು ಇದನ್ನು ಸೋಮಾರಿತನ ಎನ್ನುತ್ತಾಳೆ. ಪುರಾಣದ ಆಧಾರವಿರುವ ಸೋಮಾರಿತನ ಎಂದು ನಾನು ತಿದ್ದುತ್ತೇನೆ.

ಕಥೆ ನಿಮಗೆ ಗೊತ್ತಿರುವುದೇ. ಮಗಧದ ದೊರೆಗೆ ಇಬ್ಬರು ರಾಣಿಯರು, ಮಕ್ಕಳಿಲ್ಲ. ಋಷಿಯೊಬ್ಬ ಕೊಟ್ಟದ್ದು ಒಂದೇ ಮಾವಿನ ಹಣ್ಣು. ದೊರೆ ನ್ಯಾಯವಂತ, ಪಾಪ. ಸರಿಯಾಗಿ ಅರ್ಧರ್ಧ ಮಾಡಿ ಹಂಚಿದ. ಒಬ್ಬೊಬ್ಬ ರಾಣಿಗೂ ಅರ್ಧರ್ಧ ಮಗು ಹುಟ್ಟಿತು. ಹೆದರಿ ಹೊರಗೆ ಹಾಕಿಸಿದರು. ಆ ದಾರಿಯಲ್ಲಿ ಬಂದ ಜರೆ ಎಂಬ ರಾಕ್ಷಸಿ, ಹೊತ್ತುಕೊಂಡು ಹೋಗಲು ಅನುಕೂಲವಾಗಲೆಂದು ಎರಡು ಹೋಳನ್ನೂ ಜೋಡಿಸಿ ಹಿಡಿದಳು. ಮಗು ಕಿಟಾರನೆ ಅತ್ತಿತು. ತಿನ್ನಬೇಕೆಂದು ಬಂದವಳು ಎತ್ತಿಕೊಂಡು ಹೋಗಿ ಅರಮನೆಗೆ ಕೊಟ್ಟಳು.

ಚಿಕ್ಕಬಳ್ಳಾಪುರದಲ್ಲಿ ನಾನು ಮೇಷ್ಟರ ತರಬೇತಿಗೆ ಓದುವಾಗ ಬಾಡಿಗೆಗಿದ್ದ ಮನೆಯ ಯಜಮಾನರು ಜೈನರು. ಸಂಜೆ ಜಗಲಿಯಲ್ಲಿ ಕೂತು ಅವರು ಹೇಳುತ್ತಿದ್ದ ಕಥೆಯಲ್ಲಿ ಈ ಹಣ್ಣು, ಹೋಳುಗಳ ಗೋಜೇ ಇಲ್ಲ. ಅಲ್ಲಿ ಜರಾಸಂಧ ಭೂಮಿಯ ಆರು ಖಂಡಗಳಲ್ಲಿ ಮೂರನ್ನು ಆಳಿದ ಮಹಾಪ್ರತಾಪಿ. ಹಾಗಾಗಿ ಅವನ ಬಿರುದು ಅರ್ಧಚಕ್ರವರ್ತಿ. ನನಗೆ ನಗು ಬಂತು. ಒಂದು ಮತದಲ್ಲಿ ಅರ್ಧ ಹುಟ್ಟಿದವನು, ಇನ್ನೊಂದು ಮತಕ್ಕೆ ಹೋದರೂ ಅರ್ಧ ಎನ್ನುವುದು ಅವನ ಬೆನ್ನು ಬಿಡಲಿಲ್ಲ.

ನಕ್ಕವನ ಬೆನ್ನನ್ನೂ ಅದು ಬಿಡಲಿಲ್ಲವೆನ್ನಿ. ನನಗೆ ಕೆಲಸ ಸಿಕ್ಕಿದ ಮರುವರ್ಷ ಅಪ್ಪನೂ ಚಿಕ್ಕಪ್ಪನೂ ಪಾಲಾದರು. ಜಗಳವೇನಿಲ್ಲ, ಮನೆ ಸಾಲದಾಗಿತ್ತು. ಪಂಚಾಯಿತಿಯವರನ್ನು ಯಾಕೆ ಕರೆಯಬೇಕು, ಮನೆಯಲ್ಲೇ ಲೆಕ್ಕದ ಮೇಷ್ಟರಿದ್ದಾನಲ್ಲ ಎಂದು ಇಬ್ಬರೂ ನನ್ನನ್ನು ಕೂರಿಸಿದರು. ನಾನು ಸ್ಕೂಲಿನ ಮರದ ಸ್ಕೇಲು ಹಿಡಿದು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಕೂತೆ. ಆ ದಿನದ ನನ್ನ ಠೀವಿಯನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ನಡುಮನೆಯನ್ನು ಅಳೆದು ಅಡ್ಡಗೋಡೆಗೆ ಗೆರೆ ಎಳೆದೆ. ರೇಷ್ಮೆಹುಳು ಸಾಕುವ ಬಿದಿರಿನ ತಟ್ಟೆಗಳು ಸಮಸಂಖ್ಯೆ, ಸಲೀಸಾಗಿ ಭಾಗವಾದವು. ಹುಳು ಗೂಡು ಕಟ್ಟುವ ದೊಡ್ಡ ಬಿದಿರಿನ ಚಾಪೆಗಳು, ಅಂದರೆ ಚಂದ್ರಿಕೆಗಳು, ಮಾತ್ರ ಒಂಬತ್ತು. ಒಂಬತ್ತು ಎರಡರಿಂದ ಭಾಗವಾಗುವುದಿಲ್ಲ. ಹಿಪ್ಪುನೇರಳೆ ತೋಟವನ್ನೋ ಹೋಳು ಮಾಡಿದರೆ ಬಾವಿ ಯಾರಿಗೆ ಎನ್ನುವ ತಕರಾರು. ಬಹಳ ಯೋಚಿಸಿ ತೀರ್ಪು ಕೊಟ್ಟೆ: ತೋಟ ನಮಗೆ; ರಾಗಿ ಹೊಲವೂ ಒಂಬತ್ತು ಚಂದ್ರಿಕೆಗಳೂ ಚಿಕ್ಕಪ್ಪನಿಗೆ. ಹುಳುವಿನ ಮೊಟ್ಟೆಯ ಹಾಳೆ ಬಂದಾಗ ಅದನ್ನೂ ಸ್ಕೇಲಿಟ್ಟು ಕತ್ತರಿಸಿ ಎರಡು ಮನೆಗೂ ಒಂದೊಂದು ತುಂಡು ಕೊಟ್ಟೆ.

ಫಲ ಏನಾಯಿತೆಂದರೆ, ನನ್ನ ಲೆಕ್ಕದಲ್ಲಿ ತನಗೆ ಮೋಸವಾಯಿತೆಂದು ಅಮ್ಮ ಮುನಿಸಿಕೊಂಡಳು. ಅದೇ ಕಾರಣಕ್ಕೆ ಚಿಕ್ಕಮ್ಮನೂ ಮುನಿಸಿಕೊಂಡಳು. ಹದಿನೈದು ವರ್ಷ ಒಂದೇ ಒಲೆಯಲ್ಲಿ ಮುದ್ದೆ ತೊಳಸಿದ ಓರಗಿತ್ತಿಯರ ನಡುವೆ ಮಾತು ನಿಂತಿತು. ಅಜ್ಜಿಯನ್ನು ನಾನು ಯಾರ ಪಾಲಿಗೂ ಬರೆದಿರಲಿಲ್ಲ, ಮರೆತಿದ್ದೆ. ಅವಳು ಹೊತ್ತಾರೆ ನಮ್ಮ ಮನೆ, ಸಂಜೆ ಆ ಮನೆ ಎಂದು ತಾನೇ ಹಂಚಿಕೊಂಡಳು.

ರೇಷ್ಮೆಹುಳುವಿಗೆ ಮುನಿಸು ಗೊತ್ತಾಗುವುದಿಲ್ಲ. ಪೊರೆ ಬಿಡುವ ಮುಂಚೆ ಉಣ್ಣದೆ ಮಲಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳು ಮೂರು ಹೊತ್ತಲ್ಲ, ಮೂವತ್ತು ಹೊತ್ತು ತಿನ್ನುತ್ತದೆ. ಅಲ್ಲಿಯವರೆಗೆ ತೌರಿನಿಂದ ಒಂದೆರಡು ಮಂಕರಿ ಸೊಪ್ಪು ತರಿಸಿ ಸಂಭಾಳಿಸಿದ್ದ ಚಿಕ್ಕಮ್ಮನ ಕೈ ಬರಿದಾಯಿತು. ಇತ್ತ ಹೊಟ್ಟೆ ತುಂಬ ತಿಂದ ನಮ್ಮ ಹುಳುಗಳು ಹಣ್ಣಾದವು, ಎಂದರೆ ಗೂಡು ಕಟ್ಟಲು ಸಿದ್ಧವಾದವು. ಹಣ್ಣಾದ ಹುಳುವನ್ನು ಆವತ್ತೇ ಚಂದ್ರಿಕೆಗೆ ಬಿಡಬೇಕು, ಇಲ್ಲವಾದರೆ ತಟ್ಟೆಯ ಮೇಲೆಯೇ ನೂಲು ಚೆಲ್ಲಿ ಸಾಯುತ್ತದೆ. ಊರವರೆಲ್ಲರ ಹುಳುವೂ ಒಂದೇ ವಾರ ಹಣ್ಣಾಗುವುದರಿಂದ ಚಂದ್ರಿಕೆಯನ್ನು ಎರವಲು ಕೊಡುವವರಿಲ್ಲ. ಗೋಡೆಯ ಆ ಕಡೆ ಹುಳು ಹಸಿವಿನಿಂದ ತಲೆ ಎತ್ತಿ ಅಲ್ಲಾಡಿಸುತ್ತಿದೆ. ಈ ಕಡೆ ಒಂದು ತಿಂಗಳ ದುಡಿಮೆ ಮಧ್ಯಾಹ್ನದೊಳಗೆ ಹಾಳಾಗುವ ಹಾಗಿದೆ. ನಾನು ಸ್ಕೂಲಿಗೆ ಹೋಗದೆ ಗೋಡೆ ನೋಡುತ್ತಾ ನಿಂತೆ. ಅಮ್ಮ ನನ್ನನ್ನು ನೋಡುತ್ತಾ ನಿಂತಳು. ಅದಕ್ಕಿಂತ ಗೋಡೆ ನೋಡುವುದೇ ವಾಸಿಯಾಗಿತ್ತು.

ಅಜ್ಜಿ ಎದ್ದಳು. ಯಾರನ್ನೂ ಕೇಳಲಿಲ್ಲ. ಕೊಟ್ಟಿಗೆಯಲ್ಲಿದ್ದ ನಮ್ಮ ಸೊಪ್ಪನ್ನು ಮಂಕರಿಗೆ ತುಂಬಿ ತಲೆ ಮೇಲಿಟ್ಟುಕೊಂಡು ಆ ಮನೆಗೆ ಹೋದಳು. ವಾಪಸು ಬರುವಾಗ ತನಗಿಂತ ಎತ್ತರದ ಚಂದ್ರಿಕೆಯೊಂದನ್ನು ದರದರ ಎಳೆದುಕೊಂಡು ಬಂದಳು.

"ಕೇಳಿ ತಂದ್ಯಾ?" ಎಂದಳು ಅಮ್ಮ.

"ಕೇಳಿದ್ರೆ ತಾನೇ ಬೇಡ ಅನ್ನೋದು," ಎಂದಳು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿ, "ಅರ್ಧ ಮಗೀನ ಯಾರಪ್ಪ ಎತ್ತಿ ಮುದ್ದಾಡ್ತಾರೆ? ಅಷ್ಟು ಓದಿದೀಯ, ಆ ಮುದ್ಕಿ ರಾಕ್ಷಸೀಗೆ ತಿಳ್ದಿದ್ದು ನಿಂಗೆ ತಿಳೀಲಿಲ್ವೇನೋ?" ಎಂದಳು.

ಎರಡನೇ ಚಂದ್ರಿಕೆಯನ್ನು ಎಳೆದು ತಂದದ್ದು ಅಜ್ಜಿಯಲ್ಲ, ಚಿಕ್ಕಮ್ಮ. ಬಾಗಿಲಲ್ಲಿ ಒಂದು ಕ್ಷಣ ನಿಂತು, "ಪೋನೀ ಅಕ್ಕ, ಹೋಗ್ಲಿ ಬಿಡು, ಹುಳ ಏನ್ ತಪ್ಪು ಮಾಡೈತೆ?" ಎಂದು ಸೆರಗು ಸಿಕ್ಕಿಸಿ ಕೂತು ಹುಳು ಆರಿಸತೊಡಗಿದಳು. ಅಮ್ಮ ತನ್ನ ಮಣೆಯನ್ನು ಅವಳ ಕಡೆ ಸರಿಸಿದಳು. ನನಗೆ ಅಳು ಬಂದದ್ದು ನಿಜ. ಸೊಪ್ಪು ತರುವ ನೆವದಲ್ಲಿ ತೋಟಕ್ಕೆ ಓಡಿದೆ.

ಮರುದಿನ ಅವರ ಹುಳುವೂ ಹಣ್ಣಾಗಿ ಅವೇ ಚಂದ್ರಿಕೆಗಳ ಸಂದಿಗೊಂದಿಗಳಿಗೆ ಸೇರಿತು. ಅವಸರದಲ್ಲಿ ಒತ್ತೊತ್ತಾಗಿ ಬಿಟ್ಟದ್ದರಿಂದ ಗೂಡುಗಳನ್ನು ಶಿಡ್ಲಘಟ್ಟಕ್ಕೆ ಒಯ್ದಾಗ ಕೊಳ್ಳುವ ಸಾಹೇಬರು ಒಂದು ಬೊಗಸೆಯಷ್ಟನ್ನು ಆರಿಸಿ ಪಕ್ಕಕ್ಕಿಟ್ಟರು.

"ಜೋಡಿ ಗೂಡು ಮೇಷ್ಟ್ರೆ. ಎರಡು ಹುಳ ಸೇರ್ಕೊಂಡು ಒಂದೇ ಮನೆ ಕಟ್ಬಿಟ್ಟವೆ. ನೂಲು ಒಂದ್ರಾಗೊಂದು ಸಿಕ್ಕಾಕ್ಕೊಂಡಿರ್ತದೆ, ಬಿಚ್ಚಕ್ಕಾಗಲ್ಲ."

ಅವನ್ನು ವಾಪಸು ತಂದು ಅಜ್ಜಿಗೆ ತೋರಿಸಿದೆ. ಅವಳು ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದ್ರಾಗೆ ನಮ್ದ್ಯಾವುದು, ಅವರ್ದ್ಯಾವುದು? ಭಾಗ ಮಾಡೋ ನೋಡಣ," ಎಂದಳು. ನಾನು ಅಭ್ಯಾಸಬಲದಿಂದ ಸ್ಕೇಲಿನ ಕಡೆ ನೋಡಿದೆನಂತೆ. ಅಮ್ಮ, ಚಿಕ್ಕಮ್ಮ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನನ್ನು ನೋಡಿ ನಗುವುದರಲ್ಲಿ ಅವರು ಮತ್ತೆ ಒಂದಾದದ್ದು ನನಗೆ ಸಂತೋಷದ ಸಂಗತಿಯೇ.

ಜರಾಸಂಧನನ್ನು ಸೀಳಲು ಭೀಮನಂಥ ಭೀಮನೇ ಬೇಕಾಯಿತು. ಸೀಳಿದರೂ ಹೋಳುಗಳು ಮತ್ತೆ ಮತ್ತೆ ಕೂಡಿಕೊಂಡವಂತೆ. ಕೃಷ್ಣ ಹುಲ್ಲುಕಡ್ಡಿ ಸೀಳಿ, ಅದಲುಬದಲಾಗಿ ಎಸೆದು ಉಪಾಯ ತೋರಿಸಬೇಕಾಯಿತು. ಅಗಲಿಸುವುದಕ್ಕೆ ಇಷ್ಟೆಲ್ಲ ಬಲ, ಇಷ್ಟೆಲ್ಲ ಬುದ್ಧಿ. ಕೂಡಿಸುವುದಕ್ಕೆ ಮಾತ್ರ ದಾರಿಯಲ್ಲಿ ಹೋಗುತ್ತಿದ್ದ ಒಬ್ಬಳು ಹೆಂಗಸು ಸಾಕಾದಳು. ಆ ಜರೆಯ ಚಿತ್ರವನ್ನು ಗೋಡೆಯ ಮೇಲೆ ಬರೆದವರ ಮನೆ ಚೆನ್ನಾಗಿರುತ್ತದೆಂದು ಹಿಂದಿನವರು ನಂಬಿದ್ದರಂತೆ.

ನಮ್ಮ ಗೋಡೆಯ ಮೇಲೆ ಚಿತ್ರ ಬರೆಯಲಾಗಲಿಲ್ಲ. ಆ ಬೇಸಿಗೆಯಲ್ಲಿ ಅಜ್ಜಿ ಹಟ ಹಿಡಿದು ಅದಕ್ಕೆ ಒಂದು ಬಾಗಿಲು ಇಡಿಸಿದಳು. ಅಗುಳಿಗೆ ಸರಿಯಾದ ಮರ ಸಿಗಲಿಲ್ಲವೆಂದು ಬಡಗಿ ನನ್ನ ಸ್ಕೇಲನ್ನೇ ಹೊಂದಿಸಿ ಕೂರಿಸಿದ. ಅದು ಈಗಲೂ ಅಲ್ಲಿದೆ, ಅದರ ಮೇಲಿನ ಇಂಚುಗಳನ್ನು ಎಣಿಸಬಹುದು. ಒಮ್ಮೆಯೂ ಹಾಕದ ಅಗುಳಿಯಾದ್ದರಿಂದ ಒಂದು ಗೆರೆಯೂ ಸವೆದಿಲ್ಲ.