ಆಷಾಢದ ಗಾಳಿ ಮತ್ತು ನನ್ನ ಮೊದಲ ಮನೆ

ಇವತ್ತು ಮೈಸೂರಿನಲ್ಲಿ ನನ್ನನ್ನು ‘ಮರಳುಗಾಡಿನ ಮೇಡಂ’ ಎನ್ನುತ್ತಾರೆ. ದಪ್ಪನೆಯ ಮಣ್ಣಿನ ಗೋಡೆ, ಜಾಲಂದ್ರ, ಗಾಳಿಯನ್ನು ಹಿಡಿದು ಮನೆಯೊಳಗೆ ಇಳಿಸುವ ಗೋಪುರ, ಇದೇ ನನ್ನ ಕಸುಬು. ರಾಜಸ್ಥಾನದಲ್ಲಿ ಕಲಿತು ಬಂದ ಹೊಸತರಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ಊರಿಗೆಲ್ಲ ನಗು. ಮಳೆ ಬೀಳುವ ಊರಿಗೆ ಮರಳುಗಾಡಿನ ಮನೆ ಯಾಕೆ ಎಂದು ಕೇಳದವರೇ ಇಲ್ಲ.

ಕೊನೆಗೆ ದಟ್ಟಗಳ್ಳಿಯಲ್ಲಿ ಸೈಟಿದ್ದ ಬೇಕರಿಯವರೊಬ್ಬರು ಧೈರ್ಯ ಮಾಡಿದರು. ಅವರ ತಾಯಿಗೆ ಮಾತ್ರ ನಾನೂ ಬೇಡ, ನನ್ನ ಗೋಪುರವೂ ಬೇಡ. ಈ ಮನೆ ಕೆಟ್ಟರೆ ಇನ್ನೊಂದು ಮನೆ ನನಗೆ ಯಾರೂ ಕೊಡುವುದಿಲ್ಲ, ಸೋದರಮಾವನ ಆಫೀಸಿನಲ್ಲಿ ಕಾಂಪೌಂಡ್ ಗೋಡೆಗಳ ನಕ್ಷೆ ಬರೆದುಕೊಂಡು ಕೂರಬೇಕು ಎಂದು ಚೆನ್ನಾಗಿ ಗೊತ್ತಿತ್ತು.

ಗೃಹಪ್ರವೇಶ ಆಷಾಢದಲ್ಲಿ ಇಟ್ಟುಕೊಂಡರು. ನಮ್ಮಂಥ ಒಕ್ಕಲು ಮನೆಯವರು ಆ ತಿಂಗಳು ಹೊಸ ಹೊಸಿಲು ತುಳಿಯುವುದಿಲ್ಲ. ಕ್ರೈಸ್ತರಾದ ಅವರಿಗೆ ಆ ತಕರಾರಿಲ್ಲ, ಅಡುಗೆಯವರೂ ಪುರುಸೊತ್ತಾಗಿ ಸಿಗುತ್ತಾರೆ. ನಾನೋ ಬೇಸಗೆಯ ಸೆಕೆಯನ್ನೇ ನೆನೆದು ಗೋಪುರದ ಬಾಯನ್ನು ಪಶ್ಚಿಮಕ್ಕೆ ತೆರೆದಿದ್ದೆ. ಆಷಾಢದ ಗಾಳಿ ನುಗ್ಗುವುದೂ ಅತ್ತಲಿಂದಲೇ; ಅದನ್ನು ಮುಚ್ಚಲು ಒಂದು ಬಾಗಿಲೂ ಇಟ್ಟಿರಲಿಲ್ಲ.

ಫಾದರ್ ಪ್ರಾರ್ಥನೆ ಶುರು ಮಾಡಿದರು. ಮೇಣದಬತ್ತಿ ಆರಿತು. ಹಚ್ಚಿದರು, ಮತ್ತೆ ಆರಿತು. ಹಾಲು ಉಕ್ಕಿಸಲು ನಡುಮನೆಯಲ್ಲಿ ಹೂಡಿದ್ದ ಇಟ್ಟಿಗೆ ಒಲೆಯೂ ಆರಿಹೋಯಿತು. ಹಾಲು ಉಕ್ಕದಿದ್ದರೆ ನನ್ನ ಕಥೆ ಮುಗಿದಂತೆ. ಆದರೂ, ನಾಚಿಕೆಯಿಲ್ಲದವಳು, ಒಳಗೊಳಗೇ ಕುಣಿಯುತ್ತಿದ್ದೆ: ಗೋಪುರ ಕೆಲಸ ಮಾಡುತ್ತಿದೆ!

ಬೇಕರಿಯವರ ತಾಯಿ ನನ್ನನ್ನೇ ದುರುಗುಟ್ಟಿದರು. “ಮನೆ ಕಟ್ಟಿದ್ದೀಯೋ, ಬಿರುಗಾಳಿ ತಂದು ಕಟ್ಟಾಕಿದ್ದೀಯೋ?” ನಾನು ಬಾಯಿ ಬಿಡುವ ಮೊದಲೇ ಅವರೇ ಒಲೆಯ ಮುಂದೆ ಕೂತರು. “ಸುಮ್ನೆ ನೋಡ್ತಾ ನಿಂತ್ರೆ ಎಂಗೆ? ಬನ್ರೀ ಎಲ್ರೂ, ಗಾಳಿಗೆ ಅಡ್ಡ ನಿಂತ್ಕೊಳಿ.”

ಹೆಂಗಸರೆಲ್ಲ ಸೆರಗು ಬಿಗಿದುಕೊಂಡು ಒಲೆಯ ಸುತ್ತ ಒತ್ತಾಗಿ ನಿಂತೆವು. ಸಂದು ಉಳಿದ ಕಡೆ ಫಾದರ್ ತಮ್ಮ ನಿಲುವಂಗಿ ಅಗಲಿಸಿ ನಿಂತರು. ಅದನ್ನು ಕಂಡು ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಮನೆಯೇ ನಕ್ಕಿತು. ನಗುನಗುತ್ತಲೇ ನೋಡಿದರೆ ಹಾಲು ಉಕ್ಕಿ ಸುರಿಯುತ್ತಿತ್ತು. ನನಗೆ ಅಳುವೂ ಬಂತು.

ಊಟದ ಹೊತ್ತಿಗೆ ಆ ತಾಯಿ ಸರಿಯಾಗಿ ಗೋಪುರದ ಕೆಳಗೇ ಕುರ್ಚಿ ಹಾಕಿಸಿಕೊಂಡಿದ್ದರು. ಕೂದಲೆಲ್ಲ ಹಾರಾಡುತ್ತಿತ್ತು. ಅಶೋಕಪುರಂನಿಂದ ಬಂದಿದ್ದ ಅವರ ಗೆಳತಿ ಊಟಕ್ಕೆ ಕರೆದರೆ, “ಎಲೆ ಇಲ್ಲಿಗೇ ತಂದ್ಬುಡು, ನಾನೇಳಾಕಿಲ್ಲ” ಎಂದರು.

ಗೆಳತಿ ಒಮ್ಮೆ ತಲೆಯೆತ್ತಿ ನೋಡಿ ನನ್ನನ್ನು ಕೇಳಿದರು: “ನಮ್ಮನೇಗೂ ಇಂಥದ್ದು ಮಾಡ್ಕೊಡ್ತೀಯೇನಮ್ಮ?”

ಉತ್ತರ ಕೊಟ್ಟವರು ಆ ತಾಯಿ. “ಮಾಡ್ತಾಳೆ ಕಣೆ. ಬಾಗ್ಲು ಇಡ್ಸೋದು ಮರೀಬೇಡ.”

ಅಶೋಕಪುರಂನ ಆ ಮನೆ ನನ್ನ ಎರಡನೆಯದು. ಅದಕ್ಕೆ ಬಾಗಿಲಿದೆ.