ಕಣ್ಣು ಮುಚ್ಚಿದರೂ ಬೀಳುವ ಚುಕ್ಕಿ

ಕಣ್ಣು ಮುಚ್ಚಿಕೊಂಡರೆ ಏನು ಕಾಣಬೇಕು? ಏನೂ ಕಾಣಬಾರದು. ಹೋದ ತಿಂಗಳು ಒಂದು ಭಾನುವಾರ ಸಂಜೆ, ಖಾನಾಪುರದಲ್ಲಿ ನನ್ನ ತಂಗಿಯ ಮನೆಯ ಅಂಗಳದಲ್ಲಿ, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದೆ. ಬಲಗಡೆ ಒಂದು ಉಲ್ಕೆ ಬಿತ್ತು.

ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನನಗೊಂದು ಚಟ ಇದೆ ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಎಲೆ ಅಡಿಕೆಯಲ್ಲ, ಇಸ್ಪೀಟಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಊಟದ ಡಬ್ಬಿ ಹಿಡಿದು ಆಫೀಸಿನ ಪಕ್ಕದ ಸೈಬರ್ ಕೆಫೆಗೆ ಹೋಗಿ ಆಕಾಶ ನೋಡುವುದು. ಇಂಟರ್ನೆಟ್ಟಿನಲ್ಲಿ ಒಂದು ತಾಣವಿದೆ. ದಿನಕ್ಕೊಂದು ಚಿತ್ರ ಹಾಕುತ್ತಾರೆ. ಇವತ್ತು ನೀಹಾರಿಕೆ, ನಾಳೆ ಗುರುಗ್ರಹ, ನಾಡಿದ್ದು ಯಾವುದೋ ಮರುಭೂಮಿಯ ಮೇಲಿನ ನಕ್ಷತ್ರ ರಾಶಿ. ಸರ್ಕಾರಿ ಆಫೀಸಿನಲ್ಲಿ ಹೊಲಗದ್ದೆಗಳ ನಕ್ಷೆ ನೋಡುತ್ತ ಕೂರುವ ನನಗೆ ದಿನದ ಆ ಅರ್ಧ ಗಂಟೆ ಸ್ವರ್ಗ.

ಕೆಫೆ ಅಂದರೆ ದೊಡ್ಡದೇನಲ್ಲ. ಮೊದಲು ಅದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಆಗಿತ್ತು. ಮಾಲೀಕರಾದ ಮಾಸ್ತರು ಟೈಪ್‌ರೈಟರುಗಳನ್ನು ಗೋಡೆಗೆ ಸರಿಸಿ ಮೂರು ಕಂಪ್ಯೂಟರ್ ಇಟ್ಟಿದ್ದಾರೆ. ಫೋನಿನ ಲೈನು ಕೂಗಿ, ಕೆಮ್ಮಿ, ಹತ್ತುವಷ್ಟರಲ್ಲಿ ನನ್ನ ಒಂದು ರೊಟ್ಟಿ ಮುಗಿದಿರುತ್ತದೆ. ಚಿತ್ರ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯುತ್ತದೆ. ಮೊದಲು ಬರೀ ಕಪ್ಪು. ಆಮೇಲೆ ಒಂದೆರಡು ಚುಕ್ಕಿ. ಆಮೇಲೆ ಮೆಲ್ಲಗೆ ಒಂದು ಕೆಂಪು ಮೋಡದ ಅಂಚು. ಎರಡನೇ ರೊಟ್ಟಿ ಕೈಯಲ್ಲೇ ಉಳಿದುಬಿಡುತ್ತದೆ.

"ದಿನಾ ಬಂದು ಕತ್ತಲಿ ನೋಡ್ತೀರಲ್ರೀ ಸಾಹೇಬ್ರ, ಕರೆಂಟ್ ಹೋದ್ರ ಮನ್ಯಾಗ ಪುಕಟ್ ಸಿಗ್ತದ" ಎಂದು ಮಾಸ್ತರು ಕಾಡುತ್ತಾರೆ.

ಡಿಸೆಂಬರ್ ಕೊನೆಗೆ ಒಂದು ದಿನ ಉಲ್ಕೆಗಳ ಚಿತ್ರ ಬಂತು. ಕಪ್ಪು ಆಕಾಶದ ತುಂಬ ಬೆಳ್ಳಿ ಗೀರು. ಅವತ್ತು ಸಂಜೆಯೇ ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯ ಮಾಳಿಗೆ ಹತ್ತಿದೆ. ಕಂಡಿತು! ಬಲಗಣ್ಣಿನ ತುದಿಯಲ್ಲಿ ಫಕ್ಕನೆ ಒಂದು ಗೆರೆ. ತಿರುಗುವಷ್ಟರಲ್ಲಿ ಮಾಯ. ಐದು ನಿಮಿಷಕ್ಕೆ ಇನ್ನೊಂದು. ಮರುದಿನವೂ, ಅದರ ಮರುದಿನವೂ. ಹೆಂಡತಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ.

"ನನಗೇನೂ ಕಾಣವಲ್ದರಿ. ಕೆಳಗ ಹಾಲ್ ಉಕ್ಕಾಕತ್ತಾವ" ಎಂದು ಅವಳು ಇಳಿದು ಹೋದಳು.

ನೋಡುವ ಕಣ್ಣು ಬೇಕು ಎಂದೆ ನಾನು. ಅಷ್ಟಕ್ಕೇ ಸುಮ್ಮನಿದ್ದೆನೇ? ಇದೇ ಅಂಕಣದಲ್ಲಿ ಬರೆದೆ. ಆಕಾಶ ದಿನಾ ನಮ್ಮ ನೆತ್ತಿಯ ಮೇಲೆ ದೀಪಾವಳಿ ಮಾಡುತ್ತಿದೆ, ನೀವು ಟೀವಿ ಮುಂದೆ ಕೂತಿದ್ದೀರಿ ಎಂದು ನಿಮ್ಮನ್ನೇ ಬೈದೆ. (ನೆನಪಿದೆಯೇ? ಮರೆತಿದ್ದರೆ ಒಳ್ಳೆಯದು.)

ಇನ್ನು ಖಾನಾಪುರದ ಆ ಭಾನುವಾರ. ತಂಗಿಯ ಅತ್ತೆಯನ್ನು ನಾವೆಲ್ಲ ಆಯಿ ಅನ್ನುತ್ತೇವೆ. ಕುರಿ ಹಿಂಡಿನ ಜೊತೆ ಊರೂರು ತಿರುಗಿ, ಹೊಲಗಳಲ್ಲೇ ಮಲಗಿ ಅರ್ಧ ಆಯುಷ್ಯ ಕಳೆದ ಹೆಣ್ಣುಮಗಳು. ಏಳೂವರೆಗೆ ಕರೆಂಟ್ ಹೋಯಿತು. ಎಲ್ಲರೂ ಅಂಗಳಕ್ಕೆ ಬಂದು ಕೂತೆವು. ಮೂಡಣದಲ್ಲಿ ಮೂರು ಚುಕ್ಕಿಗಳ ಸಾಲು ಮೇಲೆದ್ದಿತ್ತು. ಆಯಿ ಅದನ್ನು ಕೂರಿಗಿ ಅನ್ನುತ್ತಾಳೆ, ಬಿತ್ತುವ ಕೂರಿಗೆಯ ಹಾಗೆ ಕಾಣುತ್ತದಲ್ಲ. ಅದರ ಕೆಳಗೆ ಮಸುಕಾಗಿರುವುದು ಚುಕ್ಕಿಯಲ್ಲ, ನೀಹಾರಿಕೆ, ಚುಕ್ಕಿಗಳು ಹುಟ್ಟುವ ಜಾಗ ಎಂದು ನಾನು ಪಾಠ ಶುರುಮಾಡಿದೆ.

"ಅಲ್ಲಿ ಹೊಗಿ ಅದ ಅಂತ ನನಗೂ ಗೊತ್ತದಪಾ" ಎಂದಳು ಆಯಿ. ಪಾಠ ಮುಗಿಯಿತು.

ಆಗ ಬಿತ್ತು.

"ಆಯಿ, ಅಲ್ನೋಡ್ರಿ, ಚುಕ್ಕಿ ಬಿತ್ತು!"

"ಎಲ್ಲಿ?"

"ಬಲಕ್ಕ, ಹುಣಸಿ ಗಿಡದ ಮ್ಯಾಲ."

"ನಾ ಅಲ್ಲೇ ನೋಡಾಕತ್ತೀನಿ. ಏನೂ ಬಿದ್ದಿಲ್ಲ."

ಎಂಬತ್ತರ ಹತ್ತಿರದ ಕಣ್ಣು, ಪಾಪ ಎಂದುಕೊಂಡೆ. ಕುರ್ಚಿ ತಿರುಗಿಸಿ ದಕ್ಷಿಣಕ್ಕೆ ಮುಖ ಮಾಡಿದೆ. ಮತ್ತೆ ಬಿತ್ತು. ಹೇಳಿದೆ.

"ಈಗೆಲ್ಲಿ?"

"ಬಲಕ್ಕ."

ಆಯಿ ನನ್ನ ಕಡೆ ತಿರುಗಿದಳು. "ಆಗ ಮೂಡ್ಲಕ ಮಾರಿ ಮಾಡಿದ್ದಿ, ಬಲಕ್ಕ ಬಿತ್ತು. ಈಗ ತೆಂಕ್ಲಕ ಮಾಡೀದಿ, ಮತ್ತ ಬಲಕ್ಕ ಬಿತ್ತು. ನಿನ್ನ ಬೆನ್ನ ಹತ್ತಿ ಬೀಳ್ತಾವೇನೋ ಚುಕ್ಕಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಯಿ ಮಾತ್ರ ನಗಲಿಲ್ಲ. ಅವರ ಮನೆಯಲ್ಲಿ ಒಂದು ಪದ್ಧತಿ ಇದೆ. ಚುಕ್ಕಿ ಬಿದ್ದದ್ದನ್ನು ನೋಡಿದವರು ಸುಮ್ಮನೆ ಎದ್ದು ಹೋಗಬಾರದು. ಕಣ್ಣು ಮುಚ್ಚಿ ಐದು ಹೂವಿನ ಹೆಸರು ಹೇಳಿದರೆ ಕೇಡು ಕಳೆಯಿತು. "ಹೇಳು" ಎಂದಳು. ಉಲ್ಕೆ ಅಂದರೆ ಉರಿದು ಹೋಗುವ ಕಲ್ಲು, ಮಣ್ಣು, ಅದಕ್ಕೆ ಯಾವ ಕೇಡು ಎಂಬ ಭಾಷಣ ನಾಲಿಗೆಯ ತುದಿಯಲ್ಲಿತ್ತು. ಹಿರಿಯ ಜೀವ, ಯಾಕೆ ನೋಯಿಸಬೇಕು ಎಂದು ಕಣ್ಣು ಮುಚ್ಚಿದೆ.

"ಮಲ್ಲಿಗಿ. ಸೇವಂತಿಗಿ. ದಾಸ..."

ಮುಚ್ಚಿದ ಕಣ್ಣಿನೊಳಗೆ, ಬಲಗಡೆ, ಅದೇ ಬೆಳ್ಳಿ ಗೆರೆ.

ರೆಪ್ಪೆಯ ಒಳಗೆ ಯಾವ ಆಕಾಶ? ಅಲ್ಲಿ ಯಾವ ಉಲ್ಕೆ? ತಿಂಗಳಿಡೀ ನಾನು ಮಾಳಿಗೆಯ ಮೇಲೆ ನಿಂತು ಖುಷಿಪಟ್ಟದ್ದು ಏನನ್ನು ನೋಡಿ?

"ಹೇಳಪಾ, ಇನ್ನೂ ಅದಾವು."

ಒಂದು ಹೂವೂ ನೆನಪಿಗೆ ಬರಲಿಲ್ಲ. ಗುಲಾಬಿ ಗುಲಾಬಿ ಎಂದು ಅದನ್ನೇ ಎರಡು ಸಲ ಹೇಳಿ ಎದ್ದೆ. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಆಯಿ ಬಾಗಿಲ ತನಕ ಬಂದು, "ಕಣ್ಣ ತೋರಿಸ್ಕೊ" ಎಂದಳು. ಹ್ಞೂಂ ಎಂದೆ.

ತೋರಿಸಿದೆನೇ? ಇಲ್ಲ. ಸೋಮವಾರ ಇಲ್ಲ, ಮಂಗಳವಾರ ಇಲ್ಲ. ಹೆಂಡತಿಗೂ ಹೇಳಲಿಲ್ಲ. ಹೆದರಿಕೆ, ಮತ್ತೇನೂ ಅಲ್ಲ. ಡಾಕ್ಟರು ಬಾಯಿ ಬಿಟ್ಟು ಹೇಳುವ ತನಕ ರೋಗ ಇಲ್ಲ ಎಂದು ನಂಬಿಕೊಂಡವನು ನಾನೊಬ್ಬನೇ ಅಲ್ಲ ಎಂದು ನನಗೆ ಗೊತ್ತು. (ನಿಮ್ಮಲ್ಲಿ ಎಷ್ಟು ಜನ ಎದೆನೋವಿಗೆ ಗ್ಯಾಸ್ ಎಂದು ಹೆಸರಿಟ್ಟಿದ್ದೀರಿ?) ಆಫೀಸಿನ ಬಚ್ಚಲಿಗೆ ಹೋಗಿ ಚಿಲಕ ಹಾಕಿ ಕಣ್ಣು ಮುಚ್ಚಿ ನೋಡುತ್ತಿದ್ದೆ. ಬೀಳುತ್ತಿತ್ತು. ನಕ್ಷೆಯಲ್ಲಿ ಹೊಲದ ಗಡಿಯ ಗೆರೆ ಕೂದಲಿನಷ್ಟು ಸಣ್ಣದು. ಅದು ಕಾಣದಿದ್ದರೆ ನನಗೆ ನೌಕರಿ ಇಲ್ಲ. ಓದಲಾಗದಿದ್ದರೆ ಈ ಅಂಕಣವೂ ಇಲ್ಲ.

ಬುಧವಾರ ಕೆಫೆಗೆ ಹೋದೆ. ಅವತ್ತು ಶನಿಯ ಚಿತ್ರ. ಕೆನ್ನೆಗೆ ಕೈ ಊರಿದವನ ಹಾಗೆ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿ, ಬಲಗಣ್ಣೊಂದರಲ್ಲೇ ನೋಡಿದೆ. ಶನಿಯ ಬಳೆ ಬಲಗಡೆ ಅರ್ಧಕ್ಕೇ ನಿಂತಿತ್ತು. ಅದರಾಚೆ ಕಪ್ಪು.

"ಮಾಸ್ತರ, ಚಿತ್ರ ಪೂರಾ ಬಂದಿಲ್ರಿ. ಬಲಗಡಿ ಇನ್ನೂ ಬರಬೇಕು."

ಮಾಸ್ತರು ಬಂದು ನೋಡಿದರು. "ಪೂರಾ ಬಂದದಲ್ರಿ. ಅಲ್ಲಾ, ಅದು ಮ್ಯಾಲಿಂದ ಕೆಳಗ ಇಳೀತದ. ಬಾಜೂನಿಂದ ಯಾವಾಗ ಬರ್ತಿತ್ತು?"

ಖರೇ. ನೂರಾರು ಚಿತ್ರ ಇಳಿಯುವುದನ್ನು ನೋಡಿದ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಆ ಕಪ್ಪು ಆಕಾಶದ್ದೇ ಇರಲಿ, ಫೋನ್ ಲೈನಿನದೇ ಇರಲಿ, ನನ್ನದೊಂದು ಆಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಆಕಾಶದ ಚಿತ್ರದಲ್ಲಿ ಇದೇ ಭಯಂಕರ. ಅದರ ಕತ್ತಲೆ ಎಲ್ಲಿ ಮುಗಿಯಿತು, ನನ್ನ ಕತ್ತಲೆ ಎಲ್ಲಿ ಶುರುವಾಯಿತು ಎಂದು ಹೇಗೆ ತಿಳಿಯಬೇಕು?

ಮಾಸ್ತರು ನನ್ನ ಮುಖವನ್ನೇ ನೋಡುತ್ತಿದ್ದರು. ಹಳೆಯ ಟೈಪ್‌ರೈಟರಿನ ಪಕ್ಕದಿಂದ ಒಂದು ಬಿಳಿ ಹಾಳೆ ತಂದು ನನ್ನ ಮುಂದೆ ಹಿಡಿದರು. "ಆಕಾಶ ಬಿಡ್ರಿ. ಇದನ್ನ ನೋಡ್ರಿ. ಎಲ್ಲಾ ಬೆಳ್ಳಗ ಅದನೋ ಇಲ್ಲೋ?"

ಇರಲಿಲ್ಲ. ಎಡಗಣ್ಣಿನ ಮೇಲೆ ಅಂಗೈ ಹಾಗೇ ಇತ್ತು; ಹಾಳೆಯ ಬಲಭಾಗವನ್ನು ಯಾರೋ ಮಸಿಯಲ್ಲಿ ಅದ್ದಿ ತೆಗೆದ ಹಾಗಿತ್ತು. ಹಾಗೆ ಹೇಳುವಾಗ ನನಗೆ ಅಳು ಬಂತು. ಮಾಸ್ತರು ಕೆಫೆಗೆ ಬೀಗ ಹಾಕಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಕಣ್ಣಿನ ಹಿಂದಿನ ಪರದೆ ಹರಿದು ಕಳಚುತ್ತಿದೆ ಎಂದರು ಡಾಕ್ಟರು. ನನ್ನ ಹಾಗೆ ದಪ್ಪ ಗ್ಲಾಸಿನ ಕನ್ನಡಕ ಹಾಕುವವರಿಗೆ ಇದರ ಅಪಾಯ ಹೆಚ್ಚಂತೆ. ಪರದೆ ಎಳೆದಾಗಲೆಲ್ಲ ಕಣ್ಣಿಗೆ ಮಿಂಚು ಹೊಡೆದ ಹಾಗೆ ಕಾಣುತ್ತದಂತೆ.

"ಮಿಂಚು ಕಾಣಾಕತ್ತು ಎಷ್ಟ್ ದಿನ ಆತು?"

"ಒಂದು ತಿಂಗಳಾತ್ರಿ."

"ತಿಂಗಳಾ? ಅಲ್ರಿ, ಇಷ್ಟ್ ದಿನ ಏನ್ ಮಾಡಿದ್ರಿ?"

ಏನೆಂದು ಹೇಳಲಿ? ಅದರ ಮೇಲೆ ಲೇಖನ ಬರೆದೆ ಎನ್ನಲೇ?

ಮರುದಿನವೇ ಹುಬ್ಬಳ್ಳಿಗೆ ಕಳಿಸಿದರು, ಆಪರೇಷನ್ ಆಯಿತು. ಬಲಗಣ್ಣಿಗೆ ಇನ್ನೂ ಪಟ್ಟಿ ಇದೆ. ಎಷ್ಟು ಬರುತ್ತದೆ, ಬರುತ್ತದೋ ಇಲ್ಲವೋ ಎಂದು ಯಾರೂ ಮಾತು ಕೊಡುತ್ತಿಲ್ಲ. ಎಡಗಣ್ಣಿಗೂ ಹೀಗಾದೀತೇ ಎಂದು ಕೇಳಿದೆ. ಆಗಾಗ ನೋಡುತ್ತಿರಬೇಕು ಎಂದರು. ಅದಾದಮೇಲೆ ಎಡಗಡೆ ಒಂದು ದೀಪ ಮಿಣುಕಿದರೂ ಕಣ್ಣು ಮುಚ್ಚಿ ನೋಡಿಕೊಳ್ಳುತ್ತೇನೆ. ಓದುವುದು, ಬರೆಯುವುದು ಸದ್ಯಕ್ಕೆ ಬಂದ್. ಇದನ್ನು ನಾನು ಹೇಳುತ್ತಿದ್ದೇನೆ, ಹೆಂಡತಿ ಬರೆಯುತ್ತಿದ್ದಾಳೆ.

ಮೊನ್ನೆ ಪತ್ರಿಕೆಯ ಕಚೇರಿಯಿಂದ ನಿಮ್ಮ ಕಾಗದಗಳ ಕಟ್ಟು ಬಂತು. ಅವಳೇ ಓದಿ ಹೇಳಿದಳು. ಮಾಳಿಗೆ ಮೇಲೆ ನಿಂತು ನಿಂತು ಕತ್ತು ನೋವಾಯಿತು, ಒಂದು ಉಲ್ಕೆಯೂ ಕಾಣಲಿಲ್ಲ ಎಂದು ಬಹಳ ಜನ ಬೈದಿದ್ದೀರಿ. ನಿಮಗೆ ನನ್ನ ನಮಸ್ಕಾರ. ನಿಮಗೆ ಕಾಣದಿದ್ದದ್ದು ನಿಮ್ಮ ಪುಣ್ಯ.

ಆಮೇಲೆ ಒಂದು ಇನ್‌ಲ್ಯಾಂಡ್ ಲೆಟರ್. ಹೆಂಡತಿ ಓದತೊಡಗಿದಳು. "ಅಣ್ಣಾರ, ನಿಮ್ಮ ಲೇಖನ ಓದಿ ಜೀವಕ್ಕ ಸಮಾಧಾನ ಆತು. ನನಗೂ ಎರಡು ವಾರದಿಂದ ಎಡಗಣ್ಣಿನ ತುದಿಗೆ ಹಂಗ ಬೆಳಕಿನ ಗೆರಿ ಕಾಣ್ತಾವು. ಕಣ್ಣಿಗೆ ಏನೋ ಆಗೇದ ಅಂತ ಹೆದರಿ ಬೆಳಗಾವಿಗೆ ತೋರಿಸಾಕ ಬರಬೇಕಂತ ಮಾಡಿದ್ದೆ. ನಿಮ್ಮದು ಓದಿದ ಮ್ಯಾಲ ಬಿಟ್ಟೆ. ನಮ್ಮ ಲೋಂಡಾದಾಗ ಸುತ್ತ ಅಡವಿ, ಆಕಾಶ ಕಾಣೂದ ಕಡಿಮಿ. ಆದ್ರೂ ದಿನಾ ಕಾಣ್ತಾವು. ಅಡಗಿ ಮನ್ಯಾಗೂ ಕಾಣ್ತಾವು."

ಕೊನೆಗೆ 'ನಿಮ್ಮ ತಂಗಿ' ಎಂದಷ್ಟೇ ಸಹಿ. ಹೆಸರಿಲ್ಲ, ವಿಳಾಸವಿಲ್ಲ. ಅಂಚೆಯ ಮುದ್ರೆ ಮೂರು ವಾರ ಹಳೆಯದು. ಅವತ್ತೇ ಲೋಂಡಾದಲ್ಲಿ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿಸಿದೆ. ಹೆಸರು ಗೊತ್ತಿಲ್ಲದ ಹೆಣ್ಣುಮಗಳನ್ನು ಯಾರೆಂದು ಹುಡುಕುತ್ತಾರೆ? ನನಗೆ ಉಳಿದಿರುವುದು ಈ ಅಂಕಣ ಒಂದೇ.

ಲೋಂಡಾದ ತಂಗೀ, ಇದನ್ನು ನೀನೇ ಓದುತ್ತಿದ್ದೀಯಾ, ಇಲ್ಲ ಯಾರಾದರೂ ನಿನಗೆ ಓದಿ ಹೇಳುತ್ತಿದ್ದಾರಾ?