ಸೀಡಿಯಲ್ಲಿ ಇಲ್ಲದ ದನಿ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ಚಾಳೊಂದರಲ್ಲಿ ಬೆಳಕು ಹರಿಯುತ್ತಿದೆ. ಕೆಳಗಿನ ಹಿಟ್ಟಿನ ಗಿರಣಿ ಶುರುವಾಗುವುದರೊಳಗೆ ಅಂಬರೀಶ ಕಿವಿಯ ಕೆಲಸ ಮುಗಿಸಬೇಕು. ಒದ್ದೆ ಬಟ್ಟೆಯಿಂದ ಗ್ರಾಮಫೋನ್ ರೆಕಾರ್ಡನ್ನು ಸುತ್ತ ಒರೆಸಿ, ಆರಿದ ಮೇಲೆ ಮುಳ್ಳು ಇಳಿಸುತ್ತಾರೆ. ಪಕ್ಕದಲ್ಲಿ ಅದೇ ಆಲ್ಬಮ್ಮಿನ ಸೀಡಿಯೂ ಇದೆ. ಎರಡನ್ನೂ ಕೇಳಿ, ಯಾವುದು ಇಟ್ಟುಕೊಳ್ಳಲು ಯೋಗ್ಯ ಎಂದು ಗಿರಾಕಿಗೆ ಹೇಳುವುದೂ ಇವರ ಕೆಲಸವೇ.

"ಸೀಡಿ ಸ್ವಚ್ಛ ಇರ್ತದ್ರಿ. ರೆಕಾರ್ಡಿನಾಗ ಮಂದಿ ಇರ್ತಾರ" ಎಂದು ನನಗೆ ಹೇಳುತ್ತಾರೆ.

ಆಳಂದ ಕಡೆಯ ಅಂಬರೀಶ ಭಿವಂಡಿಯ ಗೋಡೌನಿನಲ್ಲಿ ಹಮಾಲಿಯಾಗಿದ್ದವರು. ಬಟ್ಟೆಯ ಗಂಟು ಬೆನ್ನ ಮೇಲೆ ಬಿದ್ದು ಭಾರ ಎತ್ತುವುದು ನಿಂತಿತು. ಮಾಜಿವಾಡಾದ ಹಳೆಯ ರೆಕಾರ್ಡ್ ಅಂಗಡಿಯವರು ಒರೆಸುವ ಕೆಲಸ ಕೊಟ್ಟರು. ಅಂಗಡಿ ಮುಚ್ಚಿದ ಮೇಲೆ ಗಿರಾಕಿಗಳು ಕೋಣೆಗೇ ಬರತೊಡಗಿದರು. ಈಗ ದಿನಕ್ಕೆ ಹತ್ತು ಹನ್ನೆರಡು ರೆಕಾರ್ಡು ಕೈಗೆ ಬರುತ್ತವೆ. ಹೆಚ್ಚಿನವು ಇಂಗ್ಲಿಷ್ ರಾಕ್. ಒಂದು ಮಾತೂ ಇವರಿಗೆ ತಿಳಿಯುವುದಿಲ್ಲ.

ಕಳೆದ ಮಳೆಗಾಲದಲ್ಲಿ ಸಾನಪಾಡಾದಿಂದ ಊರ್ಮಿಳಾ ಎಂಬ ಹಿರಿಯ ಹೆಂಗಸು ಬಂದರು. ಮೂಲ ಉಡುಪಿಯವರು. ಕೈಯಲ್ಲಿ ಎಪ್ಪತ್ತರ ದಶಕದ ಬಾಂಬೆ ರಾಕ್ ತಂಡವೊಂದರ ಹೆಸರಾಂತ ಆಲ್ಬಂ, ರೆಕಾರ್ಡೂ ಸೀಡಿಯೂ. ಅದರಲ್ಲಿ ಗಿಟಾರ್ ನುಡಿಸಿದ್ದು ಅವರ ಅಣ್ಣ ರಂಜನ್.

"ಎರಡನೇ ಹಾಡು ಮುಗಿದ ಮೇಲೆ ಯಾರೋ ಮಾತಾಡಿದ ಹಾಗೆ ಆಗ್ತದೆ. ಸೀಡಿಯಲ್ಲಿ ಇಲ್ಲ. ನನ್ನ ಭ್ರಮೆಯಾ ನೋಡಿ ಹೇಳಿ" ಎಂದರು.

ಅಂಬರೀಶರಿಗೆ ಅದು ಹೊಸತಲ್ಲ. ರೆಕಾರ್ಡಿನ ಗೆರೆಗಳು ಒತ್ತೊತ್ತಾಗಿರುವುದರಿಂದ ಮುಂದಿನ ಸಾಲು ಒಂದು ಕ್ಷಣ ಮೊದಲೇ ಪಿಸುಮಾತಿನಂತೆ ಕೇಳಿಸುವುದುಂಟು. ಹಾಗೆಂದು ಸಮಾಧಾನ ಹೇಳಿ, ತೊಳೆದು ಮುಳ್ಳು ಇಳಿಸಿದರು. ಎರಡನೇ ಹಾಡು ಮುಗಿಯಿತು. ಪಿಸುದನಿ ಬಂತು. ಆದರೆ ಮುಂದಿನ ಹಾಡಿನಲ್ಲಿ ಆ ಮಾತು ಬರಲೇ ಇಲ್ಲ.

"ಕೇಳಿದ್ದು ಹಂಗ ಅಂದು ತೋರ್ಸ್ದೆ. 'ಊರ್ಮಿ, ಬಾಕಿಲ್ ದೆಪ್ಪು.' ಏನಂದ್ರ ಏನು ನನಗೇನ್ ಗೊತ್ರಿ?" ಎನ್ನುತ್ತಾರೆ ಅಂಬರೀಶ.

ಊರ್ಮಿಳಾ ಅರ್ಥ ಹೇಳಿದರು. ಅದು ತುಳು. 'ಊರ್ಮಿ, ಬಾಗಿಲು ತೆಗೆ.'

ಬ್ಯಾಂಕ್ ನೌಕರಿ ಬಿಟ್ಟು ಗಿಟಾರ್ ಹಿಡಿದ ಮಗನನ್ನು ಒಳಗೆ ಸೇರಿಸಬಾರದೆಂದು ತಂದೆ ಆಣೆ ಹಾಕಿದ್ದರು. ಆಲ್ಬಂ ಮುಗಿಸಿ ಬಂದ ಸಂಜೆ ರಂಜನ್ ಬಾಗಿಲು ಬಡಿದು ಇದೇ ಮಾತು ಹೇಳಿದ. ತಂಗಿ ಅಗುಳಿ ಹಿಡಿದು ಒಳಗೇ ನಿಂತಿದ್ದಳು. ಆಮೇಲೆ ಅವನು ಹೆಣವಾಗಿ ಸಿಕ್ಕಿದ್ದು ಥಾಣೆ ಊರಿನ ಖಾಡಿಯ ಹಿನ್ನೀರಿನಲ್ಲಿ.

"ರೆಕಾರ್ಡಿಂಗ್ ಮುಗಿದ ಮೇಲೆ ಹೇಳಿದ ಮಾತು ಮಾರಾಯ್ರೆ ಅದು. ಇದರಲ್ಲಿ ಹೇಗೆ ಬಂತು?" ಎಂದು ಕೇಳಿದರು ಊರ್ಮಿಳಾ.

ಇನ್ನೊಮ್ಮೆ ಹಾಕಿ ಎಂದರು. ಪಿಸುದನಿ ಬಂದ ಕೂಡಲೇ ಆಕೆ ಎದ್ದು ಹೋಗಿ ಕೋಣೆಯ ಬಾಗಿಲನ್ನು ಪೂರ್ತಿ ತೆರೆದರು. ಹೊರಗೆ ಯಾರೂ ಇರಲಿಲ್ಲ. ಒದ್ದೆ ಮಣ್ಣಿನ ವಾಸನೆಯ ತಣ್ಣನೆ ಗಾಳಿ ಒಳಗೆ ಬಂದು ನಿಂತಿತು.

ಮೂರನೇ ಸಲ ಹಾಕಿದಾಗ ಆ ಜಾಗದಲ್ಲಿ ಏನೂ ಇರಲಿಲ್ಲ. ಥೇಟ್ ಸೀಡಿಯಂತೆ.

ಊರ್ಮಿಳಾ ರೆಕಾರ್ಡನ್ನು ಇಲ್ಲೇ ಬಿಟ್ಟು, ಸೀಡಿ ಮಾತ್ರ ತೆಗೆದುಕೊಂಡು ಹೋದರು. "ಅವನು ಒಳಗೆ ಬಂದಾಯ್ತಲ್ಲ" ಎಂದರಂತೆ.

ಈ ಬೆಳಿಗ್ಗೆ ಅಂಬರೀಶ ನನಗೆ ಕೇಳಿಸಿದ್ದು ಆ ರೆಕಾರ್ಡನ್ನೇ. ಎರಡನೇ ಹಾಡಿನ ನಂತರ ಬರೀ ಮೌನ. ತೊಳೆಯುವಾಗ ಅಳಿಸಿ ಹೋಯಿತೇನೋ ಎಂದು ಕೇಳಿದೆ. ಅವರಿಗೆ ಬೇಜಾರಾಯಿತು.

"ತೊಳೆದ ಮ್ಯಾಲೂ ಎರಡು ಸಲ ಕೇಳ್ಸೇದ್ರಿ. ಇಷ್ಟು ವರ್ಷದಾಗ ನಾ ಧೂಳು ಬಿಟ್ಟು ಯಾರದೂ ಏನೂ ತಗದಿಲ್ಲ" ಎಂದು ಮುಳ್ಳನ್ನು ಮೆಲ್ಲನೆ ಮೇಲೆತ್ತುತ್ತಾರೆ.